ಚೀನೀ ಮಹಲಿನ ನೀಲಿ

ಎಲ್ಲೋರಾಕ್ಕೆ ಹೋದ ನಾಶಿಕದ, ಛತ್ರಪತಿ ಸಂಭಾಜಿನಗರದ ನಮ್ಮವರು ದೌಲತಾಬಾದನ್ನೂ, ಅಂದರೆ ಸೇವುಣರ ದೇವಗಿರಿಯನ್ನೂ ನೋಡಿಯೇ ಬರುತ್ತಾರೆ. ಅಲ್ಲಿನ ಚೀನೀ ಮಹಲಿನೆದುರು, 1687ರಲ್ಲಿ ಗೋಲ್ಕೊಂಡ ಬಿದ್ದ ಮೇಲೆ ಅದರ ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾ ಶಾಹನನ್ನು ಸೆರೆಯಲ್ಲಿಟ್ಟ ಕಥೆ ಕೇಳಿ ಮುಂದೆ ಸಾಗುವುದು ವಾಡಿಕೆ. ಗೋಡೆಯಲ್ಲಿ ಅಲ್ಲಲ್ಲಿ ಉಳಿದಿರುವ ನೀಲಿ-ಬಿಳಿ ಬಿಲ್ಲೆಗಳಿಂದಲೇ ಮಹಲಿಗೆ ಆ ಹೆಸರು ಬಂತು. ಅವನ್ನು ನಿಂತು ನೋಡುವವರು ಕಡಿಮೆ.

ನೋಡಿದವರು 'ಚೀನದ ಅನುಕರಣೆ' ಎಂದುಬಿಡುವುದುಂಟು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಮೆರುಗು ಹಚ್ಚಿದ್ದನ್ನೆಲ್ಲ 'ಚೀನೀ' ಎನ್ನುವುದು ಈ ಕಡೆಯ ರೂಢಿ. 1472ರ ಬೀದರ ಮದರಸಾದ ಬಿಲ್ಲೆಗಳಂತೆ ಇವುಗಳ ನಂಟೂ ಪರ್ಷಿಯಾದ ಕಡೆಗೇ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಚೀನೀ ಪಿಂಗಾಣಿಯ ಜೀವವಾದ ಒಂದು ಸಂಗತಿ ಇಲ್ಲಿಗೆ ಬರಲೇ ಇಲ್ಲ.

ಜಿಂಗ್‌ದೆಝೆನ್ನಿನ ಕುಶಲಿಗರು 14ನೆಯ ಶತಮಾನದಿಂದ ಕೋಬಾಲ್ಟಿನ ನೀಲಿಯಲ್ಲಿ ಬರೆಯುತ್ತ ಬಂದ ಚಿತ್ರಗಳಲ್ಲಿ ಎಷ್ಟೋ ಬರಿಯ ಅಲಂಕಾರವಲ್ಲ, ಹಾರೈಕೆಗಳು. ಬಿರಿದ ದಾಳಿಂಬೆ ತುಂಬು ಸಂತಾನದ ಹಾರೈಕೆ. ಉಡಿ ತುಂಬುವ ನಮ್ಮ ಹೆಂಗಸರಿಗೆ ಇದನ್ನು ವಿವರಿಸಬೇಕಿಲ್ಲ. ಬಾವಲಿಯ ಮಾತು ಬೇರೆ. ನಮಗದು ಹಾಳುಮನೆಯ ಪ್ರಾಣಿ, ಅವರಿಗೆ ಮಂಗಳ. ಕಾರಣ ಕಣ್ಣಿಗೆ ಕಾಣುವಂಥದಲ್ಲ. ಚೀನೀ ಭಾಷೆಯಲ್ಲಿ 'ಫು' ಎಂದರೆ ಬಾವಲಿ. 'ಫು' ಎಂದರೆ ಭಾಗ್ಯ. ಅಕ್ಷರ ಬೇರೆ, ಉಚ್ಚಾರ ಒಂದೇ. 'ಯೂ' ಮೀನೂ ಹೌದು, ಮಿಕ್ಕು ಉಳಿಯುವ ಸಮೃದ್ಧಿಯೂ ಹೌದು. 'ಲಿಯೆನ್' ಕಮಲ, ಅದೇ ಉಚ್ಚಾರಕ್ಕೆ 'ಒಂದರ ಹಿಂದೊಂದು' ಎಂಬ ಅರ್ಥವೂ ಇದೆ. ಕಮಲಗಳ ನಡುವೆ ಮೀನು ಕಂಡರೆ, ವರ್ಷ ವರ್ಷವೂ ಮನೆಯಲ್ಲಿ ಉಂಡು ಮಿಗಲಿ ಎಂದು ಓದಿಕೊಳ್ಳಬೇಕು. ಇದು ಚಿತ್ರದಲ್ಲಿ ಬರೆದ ಶ್ಲೇಷೆ.

ಶ್ಲೇಷೆ ಹಡಗು ಹತ್ತುವುದಿಲ್ಲ. ಪಾತ್ರೆಗಳೇನೋ ದಖ್ಖಣಕ್ಕೆ ಬಂದವು. ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಚೀನೀ ಪಿಂಗಾಣಿ ಇಂದಿಗೂ ಇದೆ. ಅದನ್ನು ಕೊಂಡ ದೊರೆಗಳಿಗೆ ಬಣ್ಣ ದಕ್ಕಿತು, ಮೆರುಗು ದಕ್ಕಿತು, ಮಾತು ದಕ್ಕಲಿಲ್ಲ.

ಮಾತಿನಲ್ಲೇ ಮಂಗಳ ಕಾಣುವುದು ನಮಗೂ ಹೊಸದಲ್ಲ. ಹೊರಡುವಾಗ 'ಹೋಗ್ತೀನಿ' ಎನ್ನದೆ 'ಬರ್ತೀನಿ' ಎನ್ನುತ್ತೇವೆ. ನೆರೆಮನೆಯ ಮರಾಠಿ ವಹಿನಿ ದೇವರ ಮುಂದೆ ತೆಂಗಿನಕಾಯಿ 'ಒಡೆ' ಎನ್ನುವುದಿಲ್ಲ, 'ವಾಢವ', ಬೆಳೆಸು, ಎನ್ನುತ್ತಾರೆ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಹೊಸಿಲ ರಂಗೋಲಿಯನ್ನು ನೋಡಿ ಕಲಿತಾರು. 'ಬರ್ತೀನಿ'ಯನ್ನು ಮನೆಯಲ್ಲಿ ಕೇಳಿಯೇ ಕಲಿಯಬೇಕು.

ಆದ್ದರಿಂದ ಪಿಂಗಾಣಿಯ ಪಕ್ಕದಲ್ಲಿ ಇಡುವ ಚೀಟಿಗಳ ಬಗ್ಗೆ ನನ್ನದೊಂದು ತಕರಾರು. ಕಾಲ, ದೇಶ, ಅಳತೆಗಳ ಜೊತೆಗೆ ಆ 'ಫು', 'ಯೂ'ಗಳನ್ನೂ ಎರಡು ಸಾಲಿನಲ್ಲಿ ಬರೆದಿಟ್ಟರೆ, ಬಾವಲಿ ಕಂಡು ಮುಖ ತಿರುಗಿಸುವವರೂ ಒಂದು ಗಳಿಗೆ ನಿಂತಾರು.