ಮಗುವಿನ ಸರದಿ ಎಲ್ಲಿ?

ಪುಣೆ, ಚೆನ್ನೈ, ಹೈದರಾಬಾದುಗಳ ಎಷ್ಟೋ ಕನ್ನಡ ಮನೆಗಳಲ್ಲಿ ಕೂಸಿಗೆ ಕನ್ನಡ ಕೇಳಿಸುವ ಕೆಲಸ ಈಗ ಫೋನಿನ ಪಾಲಿಗೆ ಬಂದಿದೆ. ಅಪ್ಪ ಅಮ್ಮ ಇಬ್ಬರಿಗೂ ಕಚೇರಿ. ಮಗುವನ್ನು ನೋಡಿಕೊಳ್ಳುವಾಕೆ ಆಡುವುದು ಮರಾಠಿಯನ್ನೋ ತಮಿಳನ್ನೋ ತೆಲುಗನ್ನೋ. ಅಜ್ಜಿ ಊರಲ್ಲಿ. ಹಾಗಾಗಿ ಯೂಟ್ಯೂಬಿನಲ್ಲಿ ಒಂದು ಕನ್ನಡ ಶಿಶುಗೀತೆ ಹಚ್ಚಿಟ್ಟು, ‘ಭಾಷೆಯಾದರೂ ಕಿವಿಗೆ ಬೀಳಲಿ’ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಈ ಸಮಾಧಾನ ಎಷ್ಟು ಗಟ್ಟಿಯಾದದ್ದು? ಉತ್ತರ ಹುಡುಕಲು, ಈ ಪ್ರಕಾರಕ್ಕೆ ಜಗತ್ತಿನ ತುಂಬ ಹೆಸರು ತಂದ ಒಂದು ಕೃತಿಯನ್ನು ಮೊದಲು ನೋಡೋಣ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಜೂಲಿ ಐಗ್ನರ್-ಕ್ಲಾರ್ಕ್ ಎಂಬ ಮಾಜಿ ಶಿಕ್ಷಕಿ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಚಿತ್ರೀಕರಿಸಿದ ‘ಬೇಬಿ ಐನ್‌ಸ್ಟೀನ್’ ವಿಡಿಯೊ 1997ರಲ್ಲಿ ಹೊರಬಂತು. ಪರದೆಯ ಮೇಲೆ ಆಟದ ಸಾಮಾನುಗಳು. ಹಿನ್ನೆಲೆಯಲ್ಲಿ ಹಲವು ಭಾಷೆಗಳ ಪದ, ಎಣಿಕೆ, ಶಿಶುಗೀತೆ. ಇಂದಿನ ಗದ್ದಲದ ವಿಡಿಯೊಗಳ ಮುಂದೆ ಅದು ಸೌಮ್ಯವಾದ ಕೃತಿ. ಅದರ ಹಿಂದಿನ ಆಸೆಯೂ ಪ್ರಾಮಾಣಿಕವಾದದ್ದೇ: ಮಗುವಿನ ಕಿವಿಗೆ ಹಲವು ನುಡಿಗಳ ನಾದ ತಾಕಲಿ ಎಂಬುದು. 2001ರಲ್ಲಿ ಡಿಸ್ನಿ ಈ ಕಂಪನಿಯನ್ನು ಕೊಂಡಿತು. ಆ ನಂತರ ವಾದ ಶುರುವಾಯಿತು. ಅದರ ಕೊನೆಗೆ, 2009ರಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಕೊಂಡ ಡಿವಿಡಿಗಳನ್ನು ಮರಳಿಸಿದವರಿಗೆ ಹಣ ವಾಪಸು ಕೊಡುವುದಾಗಿ ಕಂಪನಿ ಪ್ರಕಟಿಸಿತು.

ಆದರೆ ನಮಗೆ ಬೇಕಾದ ಉತ್ತರ ಹಣದ ಲೆಕ್ಕದಲ್ಲಿಲ್ಲ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿದೆ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಒಂದು ಗುಂಪಿಗೆ ಚೀನಾದ ಮ್ಯಾಂಡರಿನ್ ಮಾತಾಡುವವರು ಎದುರು ಕೂತು ಪುಸ್ತಕ ಓದಿದರು, ಆಟದ ಸಾಮಾನು ಹಿಡಿದು ಆಡಿಸಿದರು. ಸುಮಾರು 25 ನಿಮಿಷಗಳ 12 ಭೇಟಿಗಳು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಪುಸ್ತಕ, ಅದೇ ಆಟಿಕೆ, ಆದರೆ ವಿಡಿಯೊದಲ್ಲಿ. ಎದುರು ಕೂತು ಆಡಿದ ಮಕ್ಕಳು ಮ್ಯಾಂಡರಿನ್‌ನ ಧ್ವನಿಭೇದವನ್ನು ಗುರುತಿಸಬಲ್ಲವರಾದರು. ವಿಡಿಯೊ ನೋಡಿದ ಮಕ್ಕಳಿಗೂ ಆ ಭಾಷೆಯನ್ನೇ ಕೇಳದ ಮಕ್ಕಳಿಗೂ ವ್ಯತ್ಯಾಸ ಕಾಣಲಿಲ್ಲ. ಹೊರನಾಡ ಕನ್ನಡಿಗರು ಇದನ್ನು ಎರಡು ಸಲ ಓದಬೇಕು. ಮ್ಯಾಂಡರಿನ್ ಇದ್ದಲ್ಲಿ ಕನ್ನಡ ಎಂದು ಹಾಕಿಕೊಂಡರೆ ಇದು ನಮ್ಮದೇ ಹಜಾರದ ಕಥೆ.

2010ರಲ್ಲಿ ಜೂಡಿ ಡಿಲೋಶ್ ಮತ್ತು ಸಂಗಡಿಗರು ಒಂದರಿಂದ ಒಂದೂವರೆ ವರ್ಷದ ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು. ಪದ ಕಲಿಸುವ ಜನಪ್ರಿಯ ಡಿವಿಡಿಯನ್ನು ನಾಲ್ಕು ವಾರ ನೋಡಿದ ಮಕ್ಕಳು, ನೋಡದವರಿಗಿಂತ ಹೆಚ್ಚೇನೂ ಕಲಿಯಲಿಲ್ಲ. ಹೆಚ್ಚು ಕಲಿತದ್ದು, ಡಿವಿಡಿಯ ಗೊಡವೆಯಿಲ್ಲದೆ ಅಪ್ಪ ಅಮ್ಮ ದಿನದ ಕೆಲಸಗಳ ನಡುವೆಯೇ ಅದೇ ಪದಗಳನ್ನು ಹೇಳಿಕೊಟ್ಟ ಮಕ್ಕಳು. ಇನ್ನೊಂದು ಮಾತೂ ಅಲ್ಲಿದೆ: ಡಿವಿಡಿಯನ್ನು ಮೆಚ್ಚಿದ ಪೋಷಕರು ಮಗು ಅದರಿಂದ ಹೆಚ್ಚು ಕಲಿತಿದೆ ಎಂದು ನಂಬಿದ್ದರು. ಕೃತಿ ಇಷ್ಟವಾದದ್ದು ನಮಗೆ, ಪಾಸಾಯಿತು ಎಂದುಕೊಂಡದ್ದು ಮಗು.

ಹೀಗೇಕೆ? ಪರದೆಯ ಬೆಳಕೊಂದನ್ನೇ ದೂರಿದರೆ ಸಾಲದು. ದೋಷ ಪ್ರಕಾರದ ಕಟ್ಟಡದಲ್ಲೇ ಇದೆ. ನಾನು ನೋಡಿದ ಕನ್ನಡ ಶಿಶುಗೀತೆಯ ವಿಡಿಯೊಗಳಲ್ಲಿ ಒಂದು ಸಾಲು ಮುಗಿಯುವ ಮೊದಲೇ ಮುಂದಿನ ಸಾಲು ಹಿಂದಿನಿಂದ ನೂಕುತ್ತದೆ, ಚಿತ್ರ ಬದಲಾಗುತ್ತದೆ, ತಾಳ ನಿಲ್ಲುವುದೇ ಇಲ್ಲ. ಮಗು ‘ಊಂ’ ಎನ್ನಲು ಅಲ್ಲಿ ಸಂದಿಲ್ಲ, ಅಂದರೂ ಕೇಳುವವರಿಲ್ಲ. ನಮ್ಮ ಕಂಪ್ಯೂಟರ್ ಜಾಲಗಳಲ್ಲೂ ಕಳಿಸಿದ್ದು ತಲುಪಿತೆಂಬ ಮರುಸುದ್ದಿ ಬಾರದಿದ್ದರೆ ಮತ್ತೆ ಕಳಿಸುವ ಕ್ರಮವಿದೆ. ವಿಡಿಯೊಗೆ ಆ ಕಾಳಜಿಯಿಲ್ಲ. ಮಗು ನಿದ್ದೆಹೋದರೂ ಅದು ಹಾಡುತ್ತಲೇ ಇರುತ್ತದೆ.

ನಮ್ಮ ಶಿಶುಪದ್ಯದ ಕಟ್ಟಡ ಇದಕ್ಕೆ ತೀರ ವಿರುದ್ಧವಾದದ್ದು. ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯವನ್ನು ನೆನೆಯಿರಿ. ಅದು ಪ್ರಶ್ನೆ ಉತ್ತರಗಳ ಪದ್ಯ. ಎರಡು ದನಿ ಬೇಡುತ್ತದೆ. ಒಬ್ಬರು ಕೇಳಬೇಕು, ಇನ್ನೊಬ್ಬರು ನಾಯಿಮರಿಯಾಗಬೇಕು. ವಿಡಿಯೊದಲ್ಲಿ ಎರಡು ದನಿಗಳನ್ನೂ ಯಂತ್ರವೇ ನುಂಗಿಬಿಡುತ್ತದೆ. ತಾರಮ್ಮಯ್ಯ ಆಡಿಸುವಾಗಲೂ ಅಷ್ಟೇ: ಕೈ ತಿರುಗಿಸಿ ನಾವು ಕಾಯುತ್ತೇವೆ, ಮಗು ತಿರುಗಿಸುವ ತನಕ. ಆ ಕಾಯುವಿಕೆಯೇ ಪಾಠ. ಚನ್ನಪಟ್ಟಣದ ಅರಗಿನ ಬಣ್ಣದ ಗಿಲಕಿಯೂ ಈ ಅರ್ಥದಲ್ಲಿ ವಿಡಿಯೊಗಿಂತ ಜಾಣ. ತಾನಾಗಿ ಸದ್ದು ಮಾಡದು; ಅಲುಗಿಸಿದರೆ ಮಾತ್ರ ಉತ್ತರಿಸುತ್ತದೆ.

ಹಾಗೆಂದು ವಿಡಿಯೊವನ್ನು ಬಾವಿಗೆ ಎಸೆಯಬೇಕಿಲ್ಲ. ಅದರ ಸರಿಯಾದ ವೀಕ್ಷಕರು ಯಾರೆಂದು ತಿಳಿದರೆ ಸಾಕು. ನಮ್ಮಲ್ಲಿ ಅನೇಕರಿಗೆ ಶಿಶುಗೀತೆಗಳ ಎರಡನೆಯ ಸಾಲು ಮರೆತುಹೋಗಿದೆ. ಹಾಡನ್ನು ನಾವು ನೋಡಿ ಕಲಿಯೋಣ, ಫೋನು ಮುಚ್ಚಿಡೋಣ, ಮರದ ಆನೆಯನ್ನೋ ಅಡುಗೆಮನೆಯ ಸೌಟನ್ನೋ ಮಗುವಿನ ಕೈಗಿತ್ತು ಹಾಡೋಣ. ಒಂದು ಸಾಲಾದ ಮೇಲೆ ನಿಲ್ಲಿಸಿ ಅದರ ಮುಖ ನೋಡೋಣ. ಆಗ ವಿಡಿಯೊ ಪಠ್ಯವಾಗುತ್ತದೆ, ಆಟಿಕೆ ವೇಷವಾಗುತ್ತದೆ, ನಾವು ಭಾಗವತರಾಗುತ್ತೇವೆ.

ಪರದೆಯೊಂದು ನಿಜಕ್ಕೂ ಕೆಲಸ ಮಾಡುವುದು ಅದರಾಚೆ ಉತ್ತರ ಕೊಡುವ ಮನುಷ್ಯರಿದ್ದಾಗ. ಎರಡರಿಂದ ಎರಡೂವರೆ ವರ್ಷದ ಮಕ್ಕಳು ವಿಡಿಯೊ ಕರೆಯಲ್ಲಿ, ಎದುರು ಕೂತವರಿಂದ ಕಲಿತಂತೆಯೇ, ಹೊಸ ಕ್ರಿಯಾಪದ ಕಲಿಯಬಲ್ಲರೆಂದು 2014ರ ಅಧ್ಯಯನವೊಂದು ತೋರಿಸಿತು. ಒಂದೂವರೆ ವರ್ಷದೊಳಗಿನವರಿಗೆ ಪರದೆ ಬೇಡವೆಂದ ಅಮೆರಿಕದ ಶಿಶುವೈದ್ಯರ ಅಕಾಡೆಮಿಯೂ 2016ರಲ್ಲಿ ವಿಡಿಯೊ ಕರೆಗೆ ವಿನಾಯಿತಿ ಕೊಟ್ಟಿತು. ಊರಿನ ಅಜ್ಜಿ ಮಸುಕು ಚಿತ್ರದಲ್ಲಿ, ಕಡಿದುಹೋಗುವ ದನಿಯಲ್ಲಿ ‘ಗಿಲಕಿ ಎಲ್ಲಿ?’ ಎಂದು ಕೇಳಿ, ಮಗು ಅದನ್ನು ಎತ್ತಿ ತೋರಿಸುವ ತನಕ ಕಾಯುವುದು ಎಷ್ಟೋ ಮೇಲು.

ಅಡುಗೆ ಮುಗಿಯುವ ಹತ್ತು ನಿಮಿಷಕ್ಕೆ ಫೋನು ಹಚ್ಚಿಡುವ ಅಪ್ಪ ಅಮ್ಮಂದಿರನ್ನು ಗದರಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಅದನ್ನು ನಮ್ಮ ಬಿಡುವು ಎಂದು ಕರೆಯೋಣ, ಮಗುವಿನ ಕನ್ನಡ ಪಾಠ ಎಂದಲ್ಲ. ಪರನಾಡಿನಲ್ಲಿ ಕೂಸಿನ ಕನ್ನಡ ಉಳಿಯುವುದು ಎಷ್ಟು ಹೊತ್ತು ಕೇಳಿತು ಎಂಬುದರಿಂದಲ್ಲ, ಎಷ್ಟು ಸಲ ಅದರ ಸರದಿ ಬಂತು ಎಂಬುದರಿಂದ.