ನಾಕನೇತ್ತಕ್ಕ ಕಾನ್ವೆಂಟು

ಕೊಡೇಕಲ್‌ನಿಂದ ಅಕ್ಕ ವಾಟ್ಸಾಪಿನಲ್ಲಿ ಆರು ಫೋಟೋ ಕಳಿಸಿದ್ದಳು. ಒಂದು ಕ್ರಿಶ್ಚಿಯನ್ ಶಾಲೆಯ ಬ್ರೋಷರ್. ಅವಳ ಮಗ ಈ ಜೂನ್‌ಗೆ ನಾಲ್ಕನೇ ಕ್ಲಾಸು, ನಮ್ಮ ಕಡೆ ಮಾತಿನಲ್ಲಿ ನಾಕನೇತ್ತ. ಇಲ್ಲಿಯವರೆಗೆ ಸರ್ಕಾರಿ ಸಾಲಿ, ಇನ್ನು ಮುಂದೆ ದಿನಾ ವ್ಯಾನ್ ಹತ್ತಿ ಬೇರೆ ಊರಿನ ಕಾನ್ವೆಂಟು. ಫೋಟೋಗಳ ಹಿಂದೆಯೇ ಒಂದು ವಾಯ್ಸ್ ಮೆಸೇಜ್: "ವರ್ಷಪೂರ್ತಿ ಏನೇನ್ ಕಲಸ್ತೀವಿ ಅಂತ ಅದರಾಗ ಬರದಾರಂತ. ನೀ ಓದಿ ಹೇಳೋ ತಮ್ಮ. ರೊಕ್ಕ ಕಟ್ಟೂಕಿಂತ ಮೊದಲ ತಿಳ್ಕೊಬೇಕಲ್ಲ."

ಫೋನ್ ತಗೊಳ್ಳೋಕೆ ಮುಂಚೆ ನಾವೆಲ್ಲ ನಾಲ್ಕು ರಿವ್ಯೂ ನೋಡ್ತೀವಿ. ಬಿರಿಯಾನಿ ಆರ್ಡರ್ ಮಾಡೋಕೂ ಸ್ಟಾರ್ ಎಣಿಸ್ತೀವಿ. ಮಗುವಿನ ಒಂದು ವರ್ಷವನ್ನು ಮಾರುವ ಈ ಆರು ಪುಟಗಳನ್ನು ಮಾತ್ರ ಯಾರೂ ವಿಮರ್ಶೆ ಮಾಡಿದ್ದು ನಾನು ನೋಡಿಲ್ಲ. ಅದಕ್ಕೇ ಒಂದು ಭಾನುವಾರ ಕೂತು, ಪುಸ್ತಕ ಓದುವ ಹಾಗೆ ಓದಿದೆ. ಶಾಲೆಯ ಹೆಸರು ಬೇಡ. ಇದೇ ಬ್ರೋಷರ್, ಬಣ್ಣ ಬೇರೆ ಮಾಡಿ, ನಿಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲೂ ಹಂಚಿರುತ್ತಾರೆ.

ಮೊದಲ ತಕರಾರು, ಇದು ಯಾರಿಗೆ ಬರೆದದ್ದು ಅನ್ನೋದು. ಆರೂ ಪುಟ ಇಂಗ್ಲಿಷ್. ವ್ಯಾನ್ ಹತ್ತಿಸುವ ತಾಯಿಗೆ ಒಂದು ಸಾಲೂ ಓದೋಕೆ ಬರಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಅಂಥ ಜಿಲ್ಲೆಯಲ್ಲಿ, ಓದು ಕಲಿತ ನಮ್ಮಕ್ಕನಂಥವಳನ್ನೂ ಬ್ರೋಷರ್ ಮತ್ತೆ ಅನಕ್ಷರಸ್ಥಳನ್ನಾಗಿ ಮಾಡಿ ಕೂರಿಸುತ್ತದೆ. ಓದೋಕೆ ಬರದೇ ಇರೋದೇ ಇಲ್ಲಿ ಜಾಹೀರಾತು ಅಂತ ನನಗೆ ಅನುಮಾನ. ತನಗೆ ತಿಳಿಯದ್ದನ್ನೇ ಮಗನಿಗೆ ಕೊಡಿಸಬೇಕು ಅನ್ನೋದು ತಾನೇ ಅವಳ ಆಸೆ?

ಇನ್ನು ಒಳಗಿನ ಮಾತು. ಗ್ರೇಡ್ ಫೋರ್ ಪುಟದಲ್ಲಿ ಸ್ಪೋಕನ್ ಇಂಗ್ಲಿಷ್, ಕಂಪ್ಯೂಟರ್, ಸ್ಮಾರ್ಟ್ ಕ್ಲಾಸ್, ಕರ್ಸಿವ್ ರೈಟಿಂಗ್. ಆಮೇಲೆ 'ಮೌಲ್ಯಗಳು' ಅಂತ ಒಂದು ಚೌಕ: ಎಕ್ಸಲೆನ್ಸ್, ಲೀಡರ್‌ಶಿಪ್, ಕಾನ್ಫಿಡೆನ್ಸ್, ಗ್ಲೋಬಲ್ ಸಿಟಿಜನ್. ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ಯೋಚಿಸಿದೆ. ಮಾರ್ಚ್‌ನಲ್ಲಿ ನಾನೇ ತುಂಬಿದ ಅಪ್ರೈಸಲ್ ಫಾರ್ಮ್! ಒಂಬತ್ತು ವರ್ಷದ ಹುಡುಗನ ವರ್ಷವನ್ನೂ ನನ್ನ ವರ್ಷವನ್ನೂ ಒಂದೇ ಪದಗಳಲ್ಲಿ ಅಳೆಯುತ್ತಿದ್ದಾರೆ. ಅದರಲ್ಲಿ ನನ್ನದೇ ಸುಳ್ಳು ಅಂತ ನನಗೆ ಗೊತ್ತು.

ಕ್ರಿಶ್ಚಿಯನ್ ಶಾಲೆಯ ಬ್ರೋಷರಿನಲ್ಲಿ ನಾನು ಹುಡುಕಿದ್ದು ಬೇರೆ. ಕಳೆದುಹೋದ ಕುರಿಯ ಕಥೆ ಗೊತ್ತಲ್ಲ, ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡರೆ ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋಗ್ತಾನೆ. ಕುರಿ ಕಾಯುವವರ ನಡುವೆ ಬೆಳೆದ ನಮ್ಮೂರ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಹಿಂದೆ ಬಿದ್ದ ಮಗುವಿಗೆ ಏನು ಮಾಡ್ತೀವಿ ಅಂತ ಈ ಆರು ಪುಟದಲ್ಲಿ ಒಂದು ಸಾಲೂ ಇಲ್ಲ. ತೊಂಬತ್ತೊಂಬತ್ತರ ಫೋಟೋ ಇದೆ, ಟೈ ಸಮೇತ.

ಇಲ್ಲಿ ನಾಲ್ಕನೇ ಕ್ಲಾಸು ಅನ್ನೋದು ಮುಖ್ಯವಾಗುತ್ತೆ. ಹಾರ್ವರ್ಡ್‌ನಲ್ಲಿದ್ದ ಜೀನ್ ಚಾಲ್ ಅಮೆರಿಕದ ಬಡ ಮಕ್ಕಳ ಓದನ್ನು ಅಧ್ಯಯನ ಮಾಡಿ 1990ರಲ್ಲಿ ಸಹೋದ್ಯೋಗಿಗಳ ಜೊತೆ ಒಂದು ಪುಸ್ತಕ ಬರೆದರು. ಮೂರನೇ ಕ್ಲಾಸಿನವರೆಗೆ ಈ ಮಕ್ಕಳು ಉಳಿದವರಷ್ಟೇ ಚೆನ್ನಾಗಿ ಓದ್ತಾರೆ. ನಾಲ್ಕರಿಂದ ಕುಸಿತ ಶುರು. ಮೊದಲು ಕೈಕೊಡೋದು ಪದಗಳ ಅರ್ಥ, ಅದರಲ್ಲೂ ದಿನಬಳಕೆಯಲ್ಲಿಲ್ಲದ ಪದಗಳದ್ದು. ಅಲ್ಲಿಯವರೆಗೆ ಓದೋದನ್ನು ಕಲೀತಾರೆ, ಅಲ್ಲಿಂದ ಓದಿ ಕಲೀಬೇಕು. ನಮ್ಮ ಸರ್ಕಾರಿ ಶಾಲೆಯಲ್ಲೂ ಗೆರೆ ಇದೇ ಜಾಗದಲ್ಲಿದೆ: ಮೂರರವರೆಗೆ ನಲಿಕಲಿ, ಗುಂಪಿನಲ್ಲಿ ಕೂತು ಕಾರ್ಡು ಹಿಡಿದು ಕಲಿಯೋದು. ನಾಲ್ಕಕ್ಕೆ ಬಂದ ಕೂಡಲೇ ಪಠ್ಯಪುಸ್ತಕ, ಪರಿಸರ ಅಧ್ಯಯನ, ಪ್ರಶ್ನೋತ್ತರ.

ನಮ್ಮ ಹುಡುಗ ಈ ಗೆರೆ ದಾಟುವ ದಿನವೇ ಭಾಷೆಯನ್ನೂ ಬದಲಿಸಬೇಕು. ಊರಿನ ಹತ್ತಿರವೇ ನಾರಾಯಣಪುರ ಡ್ಯಾಮ್. ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡ್ತಾರೆ, ಟೇಲ್ ಎಂಡ್ ರೈತರಿಗೆ ಯಾಕೆ ಮುಟ್ಟಲ್ಲ, ಮೆಣಸಿನಕಾಯಿಗೆ ಎಷ್ಟು ನೀರು, ಭತ್ತಕ್ಕೆ ಎಷ್ಟು, ಎಲ್ಲ ಅವನ ಬಾಯಲ್ಲಿದೆ. ಹೊಸ ಶಾಲೆಯಲ್ಲಿ ಅದೇ ಪಾಠಕ್ಕೆ 'ರಿಸರ್ವಾಯರ್', 'ಇರಿಗೇಶನ್' ಅಂತ ಬರುತ್ತೆ. ಅವನು ಸ್ಪೆಲಿಂಗ್ ಬಾಯಿಪಾಠ ಮಾಡ್ತಾನೆ. ಇಡೀ ಕ್ಲಾಸಿನಲ್ಲಿ ಹೆಚ್ಚು ಗೊತ್ತಿರುವವನೇ ಏನೂ ಗೊತ್ತಿಲ್ಲದವನ ಹಾಗೆ ಸುಮ್ಮನೆ ಕೂರ್ತಾನೆ.

ಸರ್ಕಾರಕ್ಕೆ ಇದು ಹೊಳೆದಿರಲಿಲ್ಲ ಅಂತೇನಲ್ಲ. ಒಂದರಿಂದ ನಾಲ್ಕರವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಅಂತ 1994ರಲ್ಲಿ ಆದೇಶ ಬಂತು. ಕನ್ನಡ ಮಾಧ್ಯಮ ಅಂತ ಪರವಾನಗಿ ತಗೊಂಡು ಇಂಗ್ಲಿಷಲ್ಲಿ ಪಾಠ ಮಾಡಿದ ಶಾಲೆಗಳ ಕಥೆ ನಿಮಗೂ ಗೊತ್ತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ನೀತಿ ನಿಲ್ಲಲ್ಲ ಅಂತ ಹೇಳಿತು. ಅದೇ ದಿನ ಅದೇ ಪೀಠದಿಂದ ಇನ್ನೊಂದು ತೀರ್ಪು: ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆರ್‌ಟಿಇ ಕಾಯ್ದೆ ಅನ್ವಯಿಸಲ್ಲ, ಅಂದರೆ ಬಡ ಮಕ್ಕಳ ಶೇ 25ರ ಸೀಟೂ ಇಲ್ಲ. ಕಾನೂನಿನ ತರ್ಕ ಎರಡಕ್ಕೂ ಇದೆ, ಅದರ ಜಗಳ ನನಗೆ ಬೇಡ. ಅಕ್ಕನ ಅಂಗಳದಲ್ಲಿ ನಿಂತು ನೋಡಿದರೆ ಒಂದೇ ದಿನದಲ್ಲಿ ಎರಡು ಆಗಿವೆ. ಯಾವ ಭಾಷೆ ಅನ್ನೋ ಆಯ್ಕೆ ಅವಳಿಗೆ ಸಿಕ್ಕಿತು. ಈ ಶಾಲೆಯಲ್ಲಿ ಅದರ ಬೆಲೆ ಪೂರ್ತಿ ಅವಳೇ ಕೊಡಬೇಕು.

ಹಾಗಾದರೆ ಯಾಕೆ ಕೊಡ್ತಾಳೆ? ಕೇಳಿದೆ. ನಾನು ಅಂದುಕೊಂಡಿದ್ದು ಇಂಗ್ಲಿಷಿಗೆ ಅಂತ. ಅವಳು ಇಂಗ್ಲಿಷಿನ ಮಾತೇ ಎತ್ತಲಿಲ್ಲ. "ಸಿಸ್ಟರ್ ದಿನಾ ಇರ್ತಾರ. ಬಾಗಿಲಾಗ ನಿಂತಿರ್ತಾರಂತ. ಹುಡುಗ ಒಂದಿನ ಹೋಗ್ಲಿಲ್ಲಂದ್ರ ಫೋನ್ ಮಾಡ್ತಾರಂತ." ನಾನು ಸುಮ್ಮನಾದೆ. ಗುಳೆ ಹೋಗುವ ಸೀಮೆ ನಮ್ಮದು. ಹತ್ತಿ ಬಿಡಿಸುವ ಹೊತ್ತಿಗೆ ಅರ್ಧ ಕ್ಲಾಸು ಖಾಲಿ, ಅಪ್ಪ ಅವ್ವ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಟರೆ ಮಗುವೂ ಹೊರಟಿತು. ಗೆಸ್ಟ್ ಟೀಚರ್ ಬರೋತನಕ ಒಬ್ಬರೇ ಮಾಸ್ತರರು ಮೂರು ಕ್ಲಾಸು ನೋಡ್ತಾರೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಕೊನೆಯ ಸ್ಥಾನ, ಶೇ 50.59. ಅಂಥಲ್ಲಿ 'ಮಗು ಬರಲಿಲ್ಲ' ಅಂತ ಒಬ್ಬರಾದರೂ ಗಮನಿಸೋದು ಸಣ್ಣ ಮಾತಲ್ಲ. ಕುರಿ ಹುಡುಕಿಕೊಂಡು ಬರುವವರು ಅಂದರೆ ಅದೇ ತಾನೇ? ಶಾಲೆ ನಿಜವಾಗಿ ಕೊಡ್ತಿರೋದು ಇದನ್ನ. ಅದನ್ನೇ ಬ್ರೋಷರಿನಲ್ಲಿ ಬರೆಯೋಕೆ ಅವರಿಗೆ ನಾಚಿಕೆ ಯಾಕೋ.

ಬೆಂಗಳೂರಿನ ಗೆಳೆಯನೊಬ್ಬ ಕೇಳಿದ್ದು ಮಾತ್ರ ಒಂದೇ ಪ್ರಶ್ನೆ, "ಮತಾಂತರ ಮಾಡಲ್ವಾ?" 2022ರಲ್ಲಿ ಬೆಂಗಳೂರಿನ ಶಾಲೆಯೊಂದರ ಬೈಬಲ್ ವಿವಾದ ಅವನ ತಲೆಯಲ್ಲಿತ್ತು. ಸರ್ಕಾರದ ಮಾನ್ಯತೆ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಅಂತ ಸಂವಿಧಾನದ 28(3)ನೇ ವಿಧಿಯೇ ಹೇಳುತ್ತೆ. ಅಪ್ಲಿಕೇಶನ್ ಫಾರ್ಮಿನ ಸಣ್ಣ ಅಕ್ಷರದಲ್ಲಿ ಆ ಒಪ್ಪಿಗೆಗೆ ಸಹಿ ತಗೊಳ್ತಾರಾ ನೋಡಬೇಕು, ಅಷ್ಟೇ. ಉಳಿದ ಭಯ ನನಗಿಲ್ಲ. ಕೊಡೇಕಲ್ ಬಸವಣ್ಣನ ಊರು ನಮ್ಮದು. ಕಾಲಜ್ಞಾನದ ವಚನಗಳ ಊರು, ಹಿಂದೂಗಳೂ ಮುಸ್ಲಿಮರೂ ಒಂದೇ ಕಡೆ ಕೈಮುಗಿಯುವ ಊರು. ಅತ್ತ ತಿಂಥಣಿಯಲ್ಲಿ ಮೌನೇಶ್ವರ, ಅಲ್ಲೂ ಹಾಗೇ. ಅಲ್ಲಿ ಬೆಳೆದವನು ಬೆಳಿಗ್ಗೆ ಒಂದು ಪ್ರಾರ್ಥನೆ ಹೆಚ್ಚಿಗೆ ಹೇಳಿದರೆ ಕೆಟ್ಟುಹೋಗಲ್ಲ. ಮಾರಲ್ ಸೈನ್ಸ್ ಪೀರಿಯಡ್ಡಿನಲ್ಲಿ ಕುರಿಯ ಕಥೆ ಹೇಳಿದರೆ ನನಗೆ ಖುಷಿಯೇ.

ಅದನ್ನು ಕನ್ನಡದಲ್ಲಿ ಹೇಳಲಿ ಅನ್ನೋದು ನನ್ನ ಆಸೆ. ಇದು ಹೊಸ ಬೇಡಿಕೆಯೂ ಅಲ್ಲ. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು ಮೊದಲು ಕನ್ನಡ ಕಲಿತರು, ಆಮೇಲೆ ಬೈಬಲನ್ನು ಕನ್ನಡಕ್ಕೆ ತಂದರು. ಮಂಗಳೂರಿನ ಬಾಸೆಲ್ ಮಿಷನ್‌ನಿಂದ 1843ರಲ್ಲಿ 'ಮಂಗಳೂರ ಸಮಾಚಾರ', 1894ರಲ್ಲಿ ಕಿಟೆಲ್ ನಿಘಂಟು. ನಮ್ಮ ಹೊಳೆಯ ಆಚೆ ದಂಡೆಗೆ ಮುದಗಲ್ ಇದೆ, ಆದಿಲ್‌ಶಾಹಿ ಕಾಲದಿಂದಲೂ ಕ್ರೈಸ್ತರಿರುವ ಊರು. ಈ ಎಲ್ಲರೂ ಮಗುವಿನ ಭಾಷೆಗೆ ತಾವು ಬಂದವರು. ಈಗ ಎಷ್ಟೋ ಕಾನ್ವೆಂಟುಗಳ ವರಾಂಡದಲ್ಲಿ ಕನ್ನಡ ಮಾತಾಡಿದರೆ ದಂಡ. ಟೈ ಕಟ್ಟುವ ಶಾಲೆಗೆಲ್ಲ ನಮ್ಮ ಕಡೆ ಕಾನ್ವೆಂಟ್ ಅಂತಲೇ ಹೆಸರು, ಬಸವಣ್ಣನ ಹೆಸರಿಟ್ಟುಕೊಂಡದ್ದಕ್ಕೂ. ಅಂಥವರು ದಂಡ ಹಾಕಿದರೆ ಅದು ಬರೀ ವ್ಯಾಪಾರ ಅಂದುಕೊಳ್ಳಬಹುದು. ಕಿಟೆಲ್‌ನ ವಾರಸುದಾರರು ಹಾಕಿದರೆ ಏನನ್ನಬೇಕು? 2015ರ ಕಾಯ್ದೆಯಿಂದ ಕನ್ನಡ ಒಂದು ವಿಷಯವಾಗಿಯಾದರೂ ಎಲ್ಲ ಶಾಲೆಯಲ್ಲೂ ಇರಲೇಬೇಕು. ಬ್ರೋಷರಿನಲ್ಲಿ ಅದು ಕೊನೆಯ ಪುಟದ ಕೊನೆಯ ಸಾಲು, ಕರಾಟೆಯ ಕೆಳಗೆ.

ರಾತ್ರಿ ಅಕ್ಕನಿಗೆ ಫೋನ್ ಮಾಡಿ ಇಷ್ಟೆಲ್ಲ ಹೇಳಲಿಲ್ಲ. ಸೇರಿಸಬೇಡ ಅಂತಲೂ ಹೇಳಲಿಲ್ಲ. ಆ ಬಾಗಿಲಲ್ಲಿ ನಿಲ್ಲುವ ಸಿಸ್ಟರಿಗೆ ನಾನು ಏನು ಬದಲಿ ಕೊಡಲಿ? ಹೋದ ವರ್ಷದ ನಾಲ್ಕನೇ ಕ್ಲಾಸಿನ ಒಂದು ನೋಟ್‌ಬುಕ್ ತೋರಿಸಿ ಅಂತ ಕೇಳು ಅಂದೆ. ಅದರಲ್ಲಿ ಮಗು ತಾನೇ ಬರೆದ ಎರಡು ಸಾಲು ಇದೆಯಾ, ಇಲ್ಲಾ ಎಲ್ಲ ಬೋರ್ಡ್ ನೋಡಿ ಬರೆದದ್ದಾ ಅಂತ ನೋಡು. ಕನ್ನಡ ಮೀಡಿಯಮ್ಮಿನಿಂದ ಬಂದ ಹುಡುಗನಿಗೆ ಮೊದಲ ಮೂರು ತಿಂಗಳು ಯಾರು ಜೊತೆ ಕೂರ್ತಾರೆ ಅಂತ ಕೇಳು. ಪಾಠ ತಿಳಿಯದಿದ್ದರೆ ಕನ್ನಡದಲ್ಲಿ ಕೇಳಬಹುದಾ ಅಂತಲೂ ಕೇಳು.

ಅಕ್ಕ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನೀನೇ ಬಂದು ಕೇಳೋ ತಮ್ಮ. ಅವರ ಮುಂದ ನನಗ ಬಾಯೇ ಬರಂಗಿಲ್ಲ" ಅಂದಳು.

ಶುಕ್ರವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿದ್ದೀನಿ. ಶನಿವಾರ ಆಫೀಸ್ ರೂಮು ಹನ್ನೆರಡರವರೆಗೆ ತೆಗೆದಿರುತ್ತಂತೆ.