ಒಂದು ಹಾಡು, ಎರಡು ಬಾಗಿಲು

ಯಂತ್ರದಲ್ಲಿ ಹುಟ್ಟಿದ ಸಂಗೀತಕ್ಕೆ ಹೃದಯವಿಲ್ಲವೆಂದು ನಾನು ಹಲವು ವರ್ಷ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಅದು ಕೇಳಿ ಹೇಳಿದ ಮಾತಲ್ಲ, ಕೇಳದೆಯೇ ಹೇಳಿದ್ದು. ವಿಮರ್ಶೆಯ ಪಾಠ ಹೇಳುವವನು ಮಾಡಬಾರದ ತಪ್ಪು. ಅದು ತಿದ್ದಿಹೋದ ಬಗೆಯನ್ನು ವಾಚಕರ ಮುಂದಿಡುತ್ತೇನೆ.

ಬೇಸಿಗೆಯ ರಜೆಯಲ್ಲಿ ಕಬ್ಬೂರಿನ ಮನೆಗೆ ಬಂದಿದ್ದ ನನ್ನ ಸೋದರಳಿಯ ಒಂದು ಹಾಡು ಕೇಳಿಸಿದ. ಹಾಡಿದವರು ಹೋಸೆ ಗೊನ್ಸಾಲೆಸ್. ಅರ್ಜೆಂಟೀನಾದ ತಂದೆತಾಯಿಗಳಿಗೆ 1978ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಹುಟ್ಟಿದವರು. ಹಾಡಿನ ಹೆಸರು ‘ಹಾರ್ಟ್‌ಬೀಟ್ಸ್’. ಒಂದು ಗಿಟಾರು, ಒಂದು ಮೆಲುದನಿ, ಇಷ್ಟೇ ಪರಿಕರ. ನನಗೆ ಬಹಳ ಹಿಡಿಸಿತು. ಅವರ 2003ರ ‘ವೆನೀರ್’ ಸಂಗ್ರಹವನ್ನು ದಿನವೂ ಕೇಳತೊಡಗಿದೆ. ವಾರ ಕಳೆದ ಮೇಲೆ ಹುಡುಗ ನಕ್ಕ: “ಮಾಮಾ, ಆ ಹಾಡು ಅವರದಲ್ರಿ. ಮೂಲದ್ದು ಕೇಳಿ ನೋಡ್ರಿ.”

ಮೂಲದ್ದು ‘ದಿ ನೈಫ್’ ಎಂಬ ಜೋಡಿಯದು. ಕಾರಿನ್ ಮತ್ತು ಓಲೋಫ್ ಡ್ರೈಯರ್ ಎಂಬ ಒಡಹುಟ್ಟಿದವರು ವಿದ್ಯುನ್ಮಾನ ವಾದ್ಯಗಳಿಂದ ಕಟ್ಟಿ, ಅದೇ 2003ರ ‘ಡೀಪ್ ಕಟ್ಸ್’ ಸಂಗ್ರಹದಲ್ಲಿ ಸೇರಿಸಿದ ಹಾಡು. ಗೊನ್ಸಾಲೆಸ್ ಅದನ್ನು ಬಾಯಿಮಾತಿನಲ್ಲಿ ಶಿಫಾರಸು ಮಾಡಲಿಲ್ಲ, ತಾವೇ ಹಾಡಿಬಿಟ್ಟರು. ಕಲಾವಿದನೊಬ್ಬ ಇನ್ನೊಬ್ಬನಿಗೆ ಕೊಡಬಹುದಾದ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ? ಆದರೂ ಮೂಲವನ್ನು ಅರ್ಧ ಕೇಳಿ ನಿಲ್ಲಿಸಿದೆ. ಗಡಸು ತಾಳ, ಹೊಳಪಿನ ನಾದ, ಎತ್ತರಿಸಿದ ಕೊರಳು. ನನ್ನ ಮೆಲುದನಿ ಎಲ್ಲಿಯೂ ಇರಲಿಲ್ಲ.

ಆಗ ಹಳೆಯದೊಂದು ನೆನಪಾಯಿತು. ನಮ್ಮ ನೆರೆಯ ಮಿರಜದಲ್ಲಿ ನೆಲೆಸಿದ್ದ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು (1872–1937) ತ್ಯಾಗರಾಜರ ಖರಹರಪ್ರಿಯದ ಕೃತಿಯೊಂದನ್ನು ಹಾಡಿ ಮುದ್ರಿಸಿದ್ದಾರೆ. ಹಿಂದುಸ್ತಾನಿಯನ್ನೇ ಕೇಳಿ ಬೆಳೆದ ನಾನು ವಿದ್ಯಾರ್ಥಿದೆಸೆಯಲ್ಲಿ ಅದನ್ನು ಕೇಳಿ, ಖಾನರಿಗೇ ಮೆಚ್ಚಿಕೆಯಾದ ಮೇಲೆ ನಮಗೂ ಆಗಬೇಕೆಂದು ದಕ್ಷಿಣಾದಿಯ ಕಡೆ ಹೊರಳಿದೆ. ಬಹುದಿನ ಏನೂ ರುಚಿಸಲಿಲ್ಲ. ದೋಷ ಸಂಗೀತದ್ದಲ್ಲ, ಖಾನರನ್ನು ಹುಡುಕುತ್ತ ಹೋದ ಕಿವಿಗೆ ತ್ಯಾಗರಾಜರು ಕೇಳಿಸಲಿಲ್ಲ, ಅಷ್ಟೇ. ದಾರಿ ತೋರಿದವರನ್ನು ಬಾಗಿಲಲ್ಲಿಯೇ ಬಿಟ್ಟು ಒಳಗೆ ಹೋಗಬೇಕು.

ಹಾಗೆಯೇ ಮತ್ತೆ ಕೇಳಿದೆ. ಗೊನ್ಸಾಲೆಸ್ ಹಾಡಿದಾಗ ಆ ಪ್ರೇಮ ಮುಗಿದುಹೋದದ್ದು, ಅದು ನೆನಪು. ಮೂಲದಲ್ಲಿ ಅದು ಇದೀಗ ನಡೆಯುತ್ತಿದೆ. ನಾನು ಗಡಸೆಂದು ಜರೆದ ತಾಳ ವ್ಯಕ್ತಿಯ ದುಃಖಕ್ಕಾಗಿ ನಿಲ್ಲದ ಕಾಲದ ನಡಿಗೆ. ಕೊರಳು ಎತ್ತರಿಸಿದ್ದು ಅದನ್ನು ಮೀರಿ ಕೇಳಿಸಬೇಕೆಂಬ ತವಕದಿಂದ. ಗಿಟಾರಿನ ಹಾಡು ನಮ್ಮನ್ನು ಸಂತೈಸುತ್ತದೆ, ಮೂಲ ಸಂತೈಸುವುದಿಲ್ಲ. ಎರಡನೆಯದೇ ಹೆಚ್ಚು ಧೈರ್ಯದ ಕೃತಿಯೆಂದು ಈಗ ನನ್ನ ಮತ.

ಇದೇ ಜೋಡಿಯ 2006ರ ‘ಸೈಲೆಂಟ್ ಶೌಟ್’ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಯಂತ್ರದಿಂದ ಶ್ರುತಿಯನ್ನು ಏರಿಸಿ ಇಳಿಸಿ, ಒಂದೇ ಕೊರಳನ್ನು ಗಂಡಾಗಿ ಹೆಣ್ಣಾಗಿ ಕೇಳಿಸಿದ್ದಾರೆ. ಇದನ್ನು ಕೃತಕವೆನ್ನಬಹುದು. ಆದರೆ ನಮ್ಮ ಬಯಲಾಟದಲ್ಲಿ ಗಂಡಸು ಹೆಣ್ಣುವೇಷ ಹಾಕಿ ದನಿ ಬದಲಿಸಿದಾಗ ನಾವು ಅದನ್ನು ಕಲೆಯೆಂದೇ ಒಪ್ಪುತ್ತೇವಲ್ಲವೆ? ಕೆಲವೆಡೆ ಸೋಗೇ ಹಾಡನ್ನು ನುಂಗಿದೆಯೆಂಬುದೂ ನಿಜ. ಮಾತು ಮಸುಕಾಗಿ ನಾದ ಮಾತ್ರ ಉಳಿಯುತ್ತದೆ.

ಇನ್ನು ಯಂತ್ರದ ಮಾತು. ನಮ್ಮ ಭಜನೆಯ ಪೇಟಿಯೂ ಯುರೋಪಿನಿಂದ ಬಂದ ಯಂತ್ರವೇ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮಿಗೆ ಬಹಿಷ್ಕಾರ ಹಾಕಿತ್ತು. 1971ರಿಂದ ಅದು ಸಡಿಲಾಯಿತು. ಅಷ್ಟರಲ್ಲಿ ಊರೂರಿನ ಗುಡಿಗಳಲ್ಲಿ ಪೇಟಿಗೆ ಹೃದಯ ಬಂದಾಗಿತ್ತು. ಹೃದಯ ವಾದ್ಯದಲ್ಲಿರುವುದಿಲ್ಲ, ಅದರ ಮುಂದೆ ಕುಳಿತವರಲ್ಲಿರುತ್ತದೆ.

ಕಾಲೇಜು ತೆರೆದ ಮೇಲೆ ನನ್ನ ಹಳೆಯ ಮಾತನ್ನು ತರಗತಿಯಲ್ಲಿಯೇ ಹಿಂತೆಗೆದುಕೊಂಡೆ. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಹಂಗಾರ ಸರ್, ನಾವು ಕೇಳೂ ಹಾಡೂ ನೀವು ಕೇಳ್ತೀರೇನ್ರಿ?” ಕೇಳುತ್ತೇನೆಂದು ಮಾತು ಕೊಟ್ಟಿದ್ದೇನೆ, ಮೆಚ್ಚುತ್ತೇನೆಂದು ಕೊಟ್ಟಿಲ್ಲ.